ಆಟಕ್ಕುಂಟು, ಲೆಕ್ಕಕ್ಕೂ ಉಂಟು: ಬದ್ಧ ಎದುರಾಳಿಗಳ ‘ಸೌಹಾರ್ದ’ ಪಂದ್ಯವನ್ನು ಅಳೆಯುವುದು ಹೇಗೆ?

ಬೀದಿಯಲ್ಲಿ ಆಡುವಾಗ ತೀರಾ ಚಿಕ್ಕ ಹುಡುಗನೊಬ್ಬ ಬಂದರೆ ಅವನನ್ನೂ ಸೇರಿಸಿಕೊಂಡು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುವುದು ನಮ್ಮ ಕಡೆಯ ರೂಢಿ. ಫುಟ್‌ಬಾಲ್‌ನ ಸೌಹಾರ್ದ ಪಂದ್ಯಗಳನ್ನು, ಅಭಿಮಾನಿಗಳ ಬಾಯಲ್ಲಿ ‘ಫ್ರೆಂಡ್ಲಿ’ಗಳನ್ನು, ಬಹಳಷ್ಟು ಜನ ನೋಡುವುದು ಹೀಗೆಯೇ. ಸೋತ ಕಡೆಯವನು ‘ಬಿಡು, ಫ್ರೆಂಡ್ಲಿ ತಾನೇ’ ಅನ್ನುತ್ತಾನೆ. ಗೆದ್ದ ಕಡೆಯವನು ಅದೇ ಸ್ಕೋರನ್ನು ಹತ್ತು ವರ್ಷ ಎತ್ತಿ ಆಡುತ್ತಾನೆ. ಅದರಲ್ಲೂ ಬ್ರೆಜಿಲ್ ಮತ್ತು ಅರ್ಜೆಂಟೀನಾ ಎದುರುಬದುರಾದರೆ ಕೋಯಿಕ್ಕೋಡ್‌ನಿಂದ ಕೋಲ್ಕತ್ತದವರೆಗೆ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಬೆಂಗಳೂರಿನ ಗೌತಮಪುರದಲ್ಲೂ ಈ ವಾದ ನಿಲ್ಲುವುದಿಲ್ಲ.

ಇಬ್ಬರ ವಾದದಲ್ಲೂ ಅರ್ಧ ಸತ್ಯವಿದೆ. ಸೌಹಾರ್ದ ಪಂದ್ಯ ಲೆಕ್ಕಕ್ಕೆ ಬರುತ್ತದೆ. ಆದರೆ ಅಂತಿಮ ಸ್ಕೋರಿನಲ್ಲಿ ಆ ಲೆಕ್ಕವನ್ನು ಹುಡುಕಿದರೆ ಸಿಗುವುದಿಲ್ಲ. ಪಂದ್ಯ ಯಾವ ದಿನಾಂಕಕ್ಕೆ ಬಿದ್ದಿದೆ, ಯಾರು ಏರ್ಪಡಿಸಿದ್ದಾರೆ, ಎಷ್ಟನೇ ನಿಮಿಷದಲ್ಲಿ ಯಾರನ್ನು ಬದಲಾಯಿಸಿದರು, ಎಷ್ಟು ರ‍್ಯಾಂಕಿಂಗ್ ಅಂಕ ಪಣಕ್ಕಿತ್ತು ಎನ್ನುವುದರಲ್ಲಿ ಅದು ಅಡಗಿದೆ. ಇವನ್ನು ನೋಡಲು ಬಂದರೆ ವಾದಕ್ಕೆ ಒಂದು ನೆಲೆ ಸಿಗುತ್ತದೆ.

ಮೈದಾನದಲ್ಲಿರುವವರಿಗಂತೂ ಇದು ಸೌಹಾರ್ದವಲ್ಲ. 2019ರ ನವೆಂಬರ್ 15ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಪಂದ್ಯವನ್ನೇ ನೋಡಿ. ಮೂರು ತಿಂಗಳ ನಿಷೇಧ ಮುಗಿಸಿ ಮೆಸ್ಸಿ ಮರಳಿದ್ದರು. ಬ್ರೆಜಿಲ್‌ನ ಗೇಬ್ರಿಯಲ್ ಜೀಸಸ್ ಪೆನಾಲ್ಟಿಯನ್ನು ಹೊರಗೆ ಹೊಡೆದರು. ಕೆಲವೇ ನಿಮಿಷಗಳಲ್ಲಿ ಮೆಸ್ಸಿಗೆ ಪೆನಾಲ್ಟಿ ಸಿಕ್ಕಿತು. ಗೋಲ್‌ಕೀಪರ್ ಅಲಿಸನ್ ತಡೆದರೂ ಮರಳಿ ಬಂದ ಚೆಂಡನ್ನು ಮೆಸ್ಸಿ ಒಳಗೆ ಸೇರಿಸಿದರು. 1–0. ಆ ಪಂದ್ಯದಲ್ಲಿ ಮೆಸ್ಸಿಗೆ ಹಳದಿ ಕಾರ್ಡ್ ತೋರಿಸಬೇಕೆಂದು ಬ್ರೆಜಿಲ್ ತರಬೇತುದಾರ ಟಿಟೆ ರೆಫ್ರಿ ಬಳಿ ಒತ್ತಾಯಿಸಿದಾಗ, ಮೆಸ್ಸಿ ಬಾಯಿಗೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದರು. ಪಣದಲ್ಲಿ ಏನೂ ಇಲ್ಲದಿದ್ದರೆ ಇಷ್ಟು ಬಿಸಿ ಏರುತ್ತಿರಲಿಲ್ಲ.

ಈ ಎರಡು ದೇಶಗಳ ಮೊದಲ ಭೇಟಿಯೂ ಸೌಹಾರ್ದ ಪಂದ್ಯವೇ. 1914ರ ಸೆಪ್ಟೆಂಬರ್ 20ರಂದು ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾ 3–0ಯಿಂದ ಗೆದ್ದಿತ್ತು. ವಾರದ ಬಳಿಕ ರೋಕಾ ಕಪ್ ಹೆಸರಿನಲ್ಲಿ ಮತ್ತೊಂದು ಪಂದ್ಯವಾಗಿ ಬ್ರೆಜಿಲ್ 1–0ಯಿಂದ ಗೆದ್ದಿತು. ಅರ್ಜೆಂಟೀನಾದ ಮಾಜಿ ಅಧ್ಯಕ್ಷ ಜೂಲಿಯೊ ಅರ್ಜೆಂಟೀನೊ ರೋಕಾ ಎರಡು ದೇಶಗಳ ಸ್ನೇಹಕ್ಕೆಂದು ಕೊಟ್ಟ ಕಪ್ ಅದು. ಬಿಟ್ಟು ಬಿಟ್ಟು 1976ರವರೆಗೆ ನಡೆಯಿತು. 2011ರಲ್ಲಿ ‘ಸೂಪರ್‌ಕ್ಲಾಸಿಕೊ’ ಎಂಬ ಹೊಸ ಹೆಸರಲ್ಲಿ ಮರುಹುಟ್ಟು ಪಡೆಯಿತು.

ಮೊದಲು ನೋಡಬೇಕಾದ್ದು ಕ್ಯಾಲೆಂಡರ್

ಪಂದ್ಯದ ಸುದ್ದಿ ಬಂದ ತಕ್ಷಣ ತಿಳಿದುಕೊಳ್ಳಬೇಕಾದ ಸಂಗತಿ ಒಂದೇ: ಅದು ಫುಟ್‌ಬಾಲ್‌ನ ವಿಶ್ವ ಸಂಸ್ಥೆಯಾದ ಫಿಫಾ ನಿಗದಿಪಡಿಸಿದ ಅಂತರರಾಷ್ಟ್ರೀಯ ಅವಧಿಯೊಳಗೆ, ಅಂದರೆ ‘ವಿಂಡೋ’ ಒಳಗೆ ಇದೆಯೋ ಹೊರಗಿದೆಯೋ? ಒಳಗಿದ್ದರೆ ಕ್ಲಬ್‌ಗಳು ಆಟಗಾರರನ್ನು ಕಳಿಸಲೇಬೇಕು. ಹೊರಗಿದ್ದರೆ ಕಳಿಸುವುದು ಬಿಡುವುದು ಕ್ಲಬ್‌ನ ಇಷ್ಟ, ಮತ್ತು ಯೂರೋಪಿನ ದೊಡ್ಡ ಕ್ಲಬ್‌ಗಳು ಕಳಿಸುವುದಿಲ್ಲ. ಮಾರ್ಚ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ವಿಂಡೋಗಳು ಸೋಮವಾರ ಬೆಳಿಗ್ಗೆ ಶುರುವಾಗಿ ಮುಂದಿನ ವಾರದ ಮಂಗಳವಾರ ರಾತ್ರಿಗೆ ಮುಗಿಯುವ ಒಂಬತ್ತು ದಿನಗಳವು. ಅಷ್ಟರಲ್ಲಿ ಒಂದು ತಂಡ ಆಡಬಹುದಾದದ್ದು ಎರಡು ಪಂದ್ಯ. 2026ರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಅವಧಿಗಳು ಒಂದಾಗಿ 16 ದಿನ, ನಾಲ್ಕು ಪಂದ್ಯದ ಒಂದೇ ದೊಡ್ಡ ವಿಂಡೋ ಆಗುತ್ತದೆ.

ವಿಂಡೋ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ 2011 ಮತ್ತು 2012ರ ಸೂಪರ್‌ಕ್ಲಾಸಿಕೊ ಸಾಕ್ಷಿ. ತಮ್ಮ ತಮ್ಮ ದೇಶದ ಲೀಗ್‌ಗಳಲ್ಲಿ ಆಡುವವರನ್ನಷ್ಟೇ ಇಟ್ಟುಕೊಂಡು ಎರಡೂ ದೇಶಗಳ ಫುಟ್‌ಬಾಲ್ ಮಂಡಳಿಗಳು ಅದನ್ನು ನಡೆಸಿದವು. ಬಾರ್ಸಿಲೋನಾದಲ್ಲಿದ್ದ ಮೆಸ್ಸಿ ಅಲ್ಲಿರಲಿಲ್ಲ, ಆಗಿನ್ನೂ ಸ್ಯಾಂಟೋಸ್‌ನಲ್ಲಿದ್ದ ನೇಮಾರ್ ಇದ್ದರು. 2011ರಲ್ಲಿ ಕಾರ್ಡೋಬಾದಲ್ಲಿ 0–0 ಆಗಿ, ಬೆಲೆಮ್‌ನಲ್ಲಿ ಬ್ರೆಜಿಲ್ 2–0ಯಿಂದ ಗೆದ್ದಿತು. ಮರುವರ್ಷ ಗೊಯಾನಿಯಾದಲ್ಲಿ ಬ್ರೆಜಿಲ್ 2–1. ಎರಡನೆಯ ಪಂದ್ಯಕ್ಕೆ ಅರ್ಜೆಂಟೀನಾದ ರೆಸಿಸ್ಟೆನ್ಸಿಯಾ ನಗರಕ್ಕೆ ಹೋದಾಗ ಹೊನಲು ದೀಪಗಳು ಕೈಕೊಟ್ಟವು. ಎರಡು ದೇಶಗಳ ತಂಡಗಳು, ತುಂಬಿದ ಕ್ರೀಡಾಂಗಣ, ಕತ್ತಲು. ಪಂದ್ಯ ರದ್ದು. ನವೆಂಬರ್ 21ಕ್ಕೆ ಬ್ಯೂನಸ್ ಐರಿಸ್‌ನ ಲಾ ಬೊಂಬೊನೇರಾದಲ್ಲಿ ಮತ್ತೆ ಆಡಿಸಿದಾಗ ಅರ್ಜೆಂಟೀನಾ 2–1ರಿಂದ ಗೆದ್ದು, ಎರಡು ಪಂದ್ಯಗಳ ಒಟ್ಟು ಗೋಲು 3–3 ಸಮವಾಗಿ, ಪೆನಾಲ್ಟಿ ಶೂಟೌಟ್‌ನಲ್ಲಿ ಕಪ್ ಬ್ರೆಜಿಲ್ ಪಾಲಾಯಿತು. ಇದನ್ನು ‘ಬ್ರೆಜಿಲ್ ಅರ್ಜೆಂಟೀನಾವನ್ನು ಸತತ ಎರಡು ಬಾರಿ ಮಣಿಸಿತು’ ಎಂದು ಎತ್ತಿ ಹೇಳುವವರು ಎರಡೂ ತಂಡಗಳ ಹನ್ನೊಂದರ ಪಟ್ಟಿಯನ್ನು ಜೊತೆಗಿಟ್ಟು ಹೇಳಬೇಕು.

ಕ್ಯಾಲೆಂಡರಿನ ಜೊತೆಗೆ ಭೂಪಟವೂ ಬೇಕು. ಆಟಗಾರರ ಬಿಡುಗಡೆಯ ಫಿಫಾ ನಿಯಮದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಕಟ್ಟಿದೆ. ಒಂದು ವಿಂಡೋದ ಎರಡು ಪಂದ್ಯಗಳನ್ನು ತಂಡ ಒಂದೇ ಖಂಡ ಒಕ್ಕೂಟದ ನೆಲದಲ್ಲಿ ಆಡಬೇಕು. ಎರಡರಲ್ಲಿ ಒಂದಾದರೂ ಸೌಹಾರ್ದ ಪಂದ್ಯವಾಗಿದ್ದರೆ ವಿನಾಯಿತಿ ಉಂಟು, ಆದರೆ ಆ ಎರಡು ಊರುಗಳ ನಡುವಿನ ವಿಮಾನಯಾನ ಐದು ಗಂಟೆ ಮೀರಬಾರದು, ಕಾಲವಲಯದ ಅಂತರ ಎರಡು ಮೀರಬಾರದು. 2011ರಲ್ಲಿ ಅರ್ಜೆಂಟೀನಾ ಸೆಪ್ಟೆಂಬರ್ 2ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ವೆನೆಜುವೆಲಾ ವಿರುದ್ಧ, 6ರಂದು ಢಾಕಾದಲ್ಲಿ ನೈಜೀರಿಯಾ ವಿರುದ್ಧ ಆಡಿತು. ಒಂದೇ ಒಕ್ಕೂಟ, ಅಕ್ಕಪಕ್ಕದ ಊರು, ಎಲ್ಲೂ ತೊಡಕಿಲ್ಲ. 2025ರ ನವೆಂಬರ್‌ಗೆ ಅಂಗೋಲಾದ ಲುವಾಂಡಾ ಮತ್ತು ಕೇರಳ ಎರಡನ್ನೂ ಅರ್ಜೆಂಟೀನಾ ಘೋಷಿಸಿದಾಗ ನಕ್ಷೆ ನೋಡಿದ ಯಾರಿಗಾದರೂ ಅನುಮಾನ ಬರಬೇಕಿತ್ತು. ಒಂದು ಆಫ್ರಿಕಾ ಒಕ್ಕೂಟ, ಇನ್ನೊಂದು ಏಷ್ಯಾ ಒಕ್ಕೂಟ. ಗಡಿಯಾರದ ಅಂತರ ನಾಲ್ಕೂವರೆ ಗಂಟೆ. ನಡುವೆ ಇಡೀ ಹಿಂದೂ ಮಹಾಸಾಗರ. ಅಂಗೋಲಾದ ಪಂದ್ಯ ಆಯಿತು, ಕೊಚ್ಚಿಯದ್ದು ಆಗಲಿಲ್ಲ. ರದ್ದತಿಗೆ ಬೇರೆ ಬೇರೆ ಕಾರಣಗಳ ಮಾತು ಬಂತು. ಆದರೆ ಮುಂದಿನ ಸಲ ಯಾವುದೇ ದೊಡ್ಡ ತಂಡ ಭಾರತಕ್ಕೆ ಬರುತ್ತದೆಂಬ ಸುದ್ದಿ ಕೇಳಿದಾಗ, ಹಣ ಕೂಡಿಡುವ ಮುಂಚೆ ಅದೇ ವಿಂಡೋದಲ್ಲಿ ಆ ತಂಡದ ಇನ್ನೊಂದು ಪಂದ್ಯ ಎಲ್ಲಿದೆ ಎಂದು ನೋಡಿ. ಈ ಒಂದು ಪರೀಕ್ಷೆ ಮುಕ್ಕಾಲು ಪಾಲು ಗಾಳಿಸುದ್ದಿಯನ್ನು ಜರಡಿ ಹಿಡಿಯುತ್ತದೆ.

ಬದಲಿ ಆಟಗಾರರ ಪಟ್ಟಿಯಲ್ಲಿದೆ ನಿಜವಾದ ಸ್ಕೋರು

2003ರ ಫೆಬ್ರುವರಿ 12ರಂದು ಲಂಡನ್ನಿನ ಅಪ್ಟನ್ ಪಾರ್ಕ್‌ನಲ್ಲಿ ಇಂಗ್ಲೆಂಡನ್ನು ಆಸ್ಟ್ರೇಲಿಯಾ 3–1ರಿಂದ ಸೋಲಿಸಿತು. ಕ್ರಿಕೆಟ್‌ನಿಂದಾಗಿ ಈ ಎರಡು ದೇಶಗಳ ಪೈಪೋಟಿ ನಮಗೆ ಚೆನ್ನಾಗಿ ಗೊತ್ತು, ಹಾಗಾಗಿ ಆ ಸೋಲು ಇಂಗ್ಲಿಷರಿಗೆ ಎಷ್ಟು ಚುಚ್ಚಿತೆಂದು ಊಹಿಸಬಹುದು. ಆದರೆ ಸೋತದ್ದು ಯಾವ ಇಂಗ್ಲೆಂಡ್? ತರಬೇತುದಾರ ಸ್ವೆನ್ ಯೋರಾನ್ ಎರಿಕ್ಸನ್ ವಿರಾಮದಲ್ಲಿ ಹನ್ನೊಂದಕ್ಕೆ ಹನ್ನೊಂದೂ ಜನರನ್ನು ಬದಲಾಯಿಸಿದ್ದರು. ಮೊದಲ ತಂಡ 0–2ರಲ್ಲಿ ಹಿಂದೆ ಬಿದ್ದಿತ್ತು, ಎರಡನೆಯ ತಂಡ 1–1ರಲ್ಲಿ ಸಮ ಮಾಡಿಕೊಂಡಿತು. ಆ ಎರಡನೆಯ ತಂಡದಲ್ಲಿ ಚೊಚ್ಚಲ ಪಂದ್ಯ ಆಡಿದ 17 ವರ್ಷದ ಹುಡುಗ ವೇಯ್ನ್ ರೂನಿ. ‘ಇಂಗ್ಲೆಂಡಿನ ಕಿರಿಯರು ಸೋತರು’ ಎಂದು ಸಮಾಧಾನ ಹೇಳಿಕೊಳ್ಳುವವರು ಈ ಲೆಕ್ಕ ನೋಡಬೇಕು. ಮುಳುಗಿಸಿದ್ದು ದೊಡ್ಡವರೇ.

ಇಂಥ ಸಾರಾಸಗಟು ಬದಲಾವಣೆಗಳಿಂದ ಪಂದ್ಯದ ಬೆಲೆಯೇ ಹೋಗುತ್ತಿದೆ ಎಂದು ದೂರು ಬಂದು, ಆಟದ ನಿಯಮ ರೂಪಿಸುವ ಮಂಡಳಿ 2004ರಲ್ಲಿ ಹಿರಿಯರ ಸೌಹಾರ್ದ ಪಂದ್ಯಕ್ಕೆ ಆರು ಬದಲಾವಣೆಗಳ ಮಿತಿ ಹಾಕಿತು. ಮಿತಿ ಮೀರಿದರೆ ಪಂದ್ಯ ಅಧಿಕೃತ ‘ಎ’ ಅಂತರರಾಷ್ಟ್ರೀಯ ಪಂದ್ಯವಾಗಿ ಉಳಿಯುವುದಿಲ್ಲ. ಇದು ಬರೀ ಬೆದರಿಕೆಯಲ್ಲ. 2014ರ ಮೇನಲ್ಲಿ ಬೆಲ್ಜಿಯಂ ತನ್ನ ನೆರೆಯ ಲಕ್ಸೆಂಬರ್ಗನ್ನು 5–1ರಿಂದ ಸೋಲಿಸಿದಾಗ ತರಬೇತುದಾರ ಮಾರ್ಕ್ ವಿಲ್ಮಾಟ್ಸ್ ಏಳನೆಯ ಬದಲಾವಣೆ ಮಾಡಿಬಿಟ್ಟರು. ಫಿಫಾ ಪಂದ್ಯಕ್ಕೆ ಮಾನ್ಯತೆ ಕೊಡಲಿಲ್ಲ. ರೊಮೆಲು ಲುಕಾಕು ಹೊಡೆದಿದ್ದ ಹ್ಯಾಟ್ರಿಕ್ ದಾಖಲೆಯಿಂದ ಅಳಿಸಿಹೋಯಿತು. ಮಿತಿಯ ಅಂಕಿ ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತದೆ, ಆದ್ದರಿಂದ ಆಯಾ ಋತುವಿನ ನಿಯಮ ನೋಡಿಕೊಳ್ಳುವುದು ಒಳ್ಳೆಯದು.

ಪಂದ್ಯವನ್ನು ಓದುವ ಕ್ರಮ ಹೀಗಿರಲಿ. ತಂಡದ ಪಟ್ಟಿ ಸಾಮಾನ್ಯವಾಗಿ ಪಂದ್ಯಕ್ಕೆ ಒಂದು ಗಂಟೆ ಮುಂಚೆ ಹೊರಬೀಳುತ್ತದೆ. ಅದನ್ನು ಆ ತಂಡ ಕೊನೆಯದಾಗಿ ಆಡಿದ ಅರ್ಹತಾ ಪಂದ್ಯದ ಪಟ್ಟಿಯ ಪಕ್ಕಕ್ಕಿಡಿ. ಎಂಟು ಅಥವಾ ಅದಕ್ಕಿಂತ ಹೆಚ್ಚು ಹೆಸರು ಹೊಂದಿದರೆ ತರಬೇತುದಾರ ಗಂಭೀರವಾಗಿದ್ದಾನೆ ಎಂದರ್ಥ. ಐದಕ್ಕಿಂತ ಕಡಿಮೆ ಇದ್ದರೆ ಅದು ಪರೀಕ್ಷೆಯ ಪಂದ್ಯ. ಆಮೇಲೆ ಮೊದಲ ಎರಡು ಬದಲಾವಣೆಗಳ ನಿಮಿಷ ಬರೆದಿಟ್ಟುಕೊಳ್ಳಿ. ಬಹುತೇಕ ಸೌಹಾರ್ದ ಪಂದ್ಯಗಳಲ್ಲಿ ವಿರಾಮದಿಂದ 65ನೇ ನಿಮಿಷದೊಳಗೆ ಬದಲಾವಣೆಗಳ ಸುರಿಮಳೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಒತ್ತಡ ಹೇರುವ ಸಾಲು ಹಿಂದೆ ಸರಿಯುತ್ತದೆ, ಒಟ್ಟಿಗೆ ಆಡಿ ಅಭ್ಯಾಸವಿಲ್ಲದ ರಕ್ಷಕರ ನಡುವೆ ಸಂದು ಬೀಳುತ್ತದೆ, ಮಧ್ಯಮೈದಾನ ಬಿರುಕು ಬಿಡುತ್ತದೆ. 80ನೇ ನಿಮಿಷದ ಗೋಲು ಈ ಸಂದಿನ ಗೋಲು. ಅದು ಬರುವ ವಿಶ್ವಕಪ್‌ನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಇಬ್ಬರೂ ತಮ್ಮ ಬಲಿಷ್ಠ ಹನ್ನೊಂದನ್ನು ಇಳಿಸಿದ್ದರೆ ಮೊದಲ ಬದಲಾವಣೆಯವರೆಗಿನ ಸ್ಕೋರನ್ನು ಬೇರೆಯಾಗಿ ಬರೆದಿಡುವುದೇ ಸರಿ. ವಾದ ಮಾಡುವುದಾದರೆ ಆ ಸ್ಕೋರಿನ ಮೇಲೆ ಮಾಡಬೇಕು.

ಅಂಕದ ಲೆಕ್ಕ

2018ರ ಆಗಸ್ಟ್‌ಗೆ ಮುಂಚೆ ಫಿಫಾ ರ‍್ಯಾಂಕಿಂಗ್ ಸರಾಸರಿಯ ಮೇಲೆ ನಿಂತಿತ್ತು. ಸೌಹಾರ್ದ ಪಂದ್ಯದ ತೂಕ 1, ಅರ್ಹತಾ ಪಂದ್ಯದ್ದು 2.5, ವಿಶ್ವಕಪ್‌ನದ್ದು 4. ಕಡಿಮೆ ತೂಕದ ಪಂದ್ಯವನ್ನು ಗೆದ್ದರೂ ಸರಾಸರಿ ಇಳಿಯಬಹುದಿತ್ತು. ಇದನ್ನು ಕಂಡುಕೊಂಡ ಪೋಲೆಂಡ್, 2018ರ ವಿಶ್ವಕಪ್‌ನ ಗುಂಪು ವಿಂಗಡಣೆಗೆ ಆಧಾರವಾದ ರ‍್ಯಾಂಕಿಂಗ್‌ಗೆ ಮುಂಚಿನ ಸುಮಾರು ಒಂದು ವರ್ಷ ಸೌಹಾರ್ದ ಪಂದ್ಯಗಳನ್ನೇ ಆಡದೆ ಕೂತು ಮೊದಲ ಶ್ರೇಣಿಯ ತಂಡಗಳ ಸಾಲಿಗೆ ಸೇರಿತು. ನಿಯಮದೊಳಗೇ ಇದ್ದ ಜಾಣತನ ಅದು. ದೋಷ ಪೋಲೆಂಡಿನದಾಗಿರಲಿಲ್ಲ, ಸೂತ್ರದ್ದಾಗಿತ್ತು.

ಈಗಿನ ಪದ್ಧತಿ ಕೂಡಿ ಕಳೆಯುವುದು. ಎರಡು ತಂಡಗಳ ಅಂಕದ ಅಂತರದಿಂದ ಪ್ರತಿ ತಂಡಕ್ಕೂ 0 ಮತ್ತು 1ರ ನಡುವಿನ ಒಂದು ‘ನಿರೀಕ್ಷೆ’ ಸಿಗುತ್ತದೆ. ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0 ಎಂದಿಟ್ಟು, ಅದರಿಂದ ನಿರೀಕ್ಷೆಯನ್ನು ಕಳೆದು, ಉಳಿದದ್ದನ್ನು ಪಂದ್ಯದ ತೂಕದಿಂದ ಗುಣಿಸಿ ಹಳೆಯ ಅಂಕಕ್ಕೆ ಸೇರಿಸುತ್ತಾರೆ. ವಿಂಡೋ ಹೊರಗಿನ ಸೌಹಾರ್ದ ಪಂದ್ಯದ ತೂಕ 5, ಒಳಗಿನದ್ದು 10, ವಿಶ್ವಕಪ್ ಅರ್ಹತಾ ಪಂದ್ಯದ್ದು 25, ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಿಂದ ಮುಂದಿನದ್ದು 60.

ಅಂಕಿ ಹಾಕಿ ನೋಡೋಣ. 1850 ಅಂಕದ ತಂಡ 1830ರ ತಂಡವನ್ನು ಎದುರಿಸುತ್ತದೆ ಎನ್ನಿ. ಮೇಲಿನ ತಂಡದ ನಿರೀಕ್ಷೆ ಸುಮಾರು 0.52. ವಿಂಡೋ ಒಳಗಿನ ಸೌಹಾರ್ದ ಪಂದ್ಯ ಗೆದ್ದರೆ ಅದಕ್ಕೆ ಸಿಗುವುದು 4.8 ಅಂಕ, ಸೋತರೆ ಹೋಗುವುದು 5.2. ಅದೇ ಗೆಲುವು ಅರ್ಹತಾ ಪಂದ್ಯದಲ್ಲಾದರೆ 12, ವಿಶ್ವಕಪ್ ಸೆಮಿಫೈನಲ್‌ನಲ್ಲಾದರೆ ಸುಮಾರು 29. ಅಂದರೆ ಬ್ರೆಜಿಲ್, ಅರ್ಜೆಂಟೀನಾದಂಥ ಸಮಬಲದವರಿಗೆ ಸೌಹಾರ್ದ ಪಂದ್ಯದ ಅಂಕ ಚಿಲ್ಲರೆ. ಆದರೆ ಕೆಳಗಿನ ತಂಡಕ್ಕೆ ಹಾಗಲ್ಲ. ತನಗಿಂತ 200 ಅಂಕ ಮೇಲಿರುವವರನ್ನು ಸೋಲಿಸಿದರೆ 6.8 ಅಂಕ ಬರುತ್ತದೆ, ಡ್ರಾ ಮಾಡಿದರೂ 1.8 ಬರುತ್ತದೆ, ಸೋತರೆ ಹೋಗುವುದು 3.2 ಮಾತ್ರ. ಭಾರತದಂಥ ತಂಡ ಕೆಳಗಿನವರ ಜೊತೆ ಸುಲಭದ ಪಂದ್ಯ ಹುಡುಕುವುದಕ್ಕಿಂತ ಮೇಲಿನವರನ್ನು ಕರೆಸಿಕೊಳ್ಳುವುದು ಲೆಕ್ಕದ ದೃಷ್ಟಿಯಿಂದಲೂ ಲಾಭ. ಅಂತರ ದೊಡ್ಡದಿದ್ದಷ್ಟೂ ಸೋಲಿನ ನಷ್ಟ ಸಣ್ಣದು.

ಇನ್ನೊಂದು ಲೆಕ್ಕ ಆಟಗಾರನ ರಾಷ್ಟ್ರೀಯ ತಂಡದ್ದು. ಸೌಹಾರ್ದ ಪಂದ್ಯ ಆಡಿದ ಮಾತ್ರಕ್ಕೆ ಎರಡು ದೇಶಗಳ ಪೌರತ್ವವಿರುವ ಆಟಗಾರ ಒಂದು ದೇಶಕ್ಕೆ ಕಟ್ಟುಬೀಳುವುದಿಲ್ಲ. ಡಿಯೆಗೊ ಕೋಸ್ಟಾ 2013ರ ಮಾರ್ಚ್‌ನಲ್ಲಿ ಬ್ರೆಜಿಲ್ ಪರ ಇಟಲಿ ಮತ್ತು ರಷ್ಯಾ ವಿರುದ್ಧ ಎರಡು ಸೌಹಾರ್ದ ಪಂದ್ಯ ಆಡಿದರು. ಮರುವರ್ಷ ಬ್ರೆಜಿಲ್‌ನಲ್ಲೇ ನಡೆದ ವಿಶ್ವಕಪ್‌ನಲ್ಲಿ ಅವರು ಸ್ಪೇನ್ ಅಂಗಿ ತೊಟ್ಟಿದ್ದರು.

ಫಲಿತಾಂಶ ಎಷ್ಟು ಭವಿಷ್ಯ ಹೇಳುತ್ತದೆ?

2012ರ ಜೂನ್ 9ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ 81,994 ಜನರ ಮುಂದೆ ಮೆಸ್ಸಿ ಹ್ಯಾಟ್ರಿಕ್ ಹೊಡೆದು ಅರ್ಜೆಂಟೀನಾ 4–3ರಿಂದ ಗೆದ್ದ ಪಂದ್ಯ ಅಭಿಮಾನಿಗಳ ಕಣ್ಣಲ್ಲಿ ಇಂದಿಗೂ ಹಸಿರು. ಕೊನೆಯ ಗೋಲಿನ ಆ ಓಟ, ದೂರದಿಂದ ಬಾರಿಸಿದ ಆ ಹೊಡೆತ ಯಾವ ಪಂದ್ಯದಲ್ಲಾದರೂ ಅದ್ಭುತವೇ. ಆದರೆ ಆ ದಿನದ ಬ್ರೆಜಿಲ್ ತಂಡ ಲಂಡನ್ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ, ಬಹುಪಾಲು ಕಿರಿಯರ ತಂಡ. ಗೋಲಿನ ಸೊಗಸನ್ನು ಹೊಗಳಿ, ಆದರೆ ಸ್ಕೋರನ್ನು ಎರಡು ದೇಶಗಳ ಬಲಾಬಲಕ್ಕೆ ಸಾಕ್ಷಿ ಮಾಡಬೇಡಿ.

2017ರ ಜೂನ್ 9ರ ಮೆಲ್ಬರ್ನ್ ಪಂದ್ಯ ಇನ್ನೂ ಒಳ್ಳೆಯ ಪಾಠ. 95,569 ಪ್ರೇಕ್ಷಕರು. ಅರ್ಜೆಂಟೀನಾಕ್ಕೆ ಹೋರ್ಹೆ ಸಂಪೋಲಿಯ ಮೊದಲ ಪಂದ್ಯ. ಗೇಬ್ರಿಯಲ್ ಮರ್ಕಾಡೊ ಹೊಡೆದ ಗೋಲಿನಿಂದ 1–0 ಗೆಲುವು, ಟಿಟೆ ಗರಡಿಯ ಬ್ರೆಜಿಲ್‌ಗೆ ಮೊದಲ ಸೋಲು. ಬ್ರೆಜಿಲ್ ಒಂದೇ ದಾಳಿಯಲ್ಲಿ ಎರಡು ಬಾರಿ ಗೋಲುಕಂಬಕ್ಕೆ ಹೊಡೆಯಿತು. ನೇಮಾರ್ ಆಡಿರಲಿಲ್ಲ. ಸಂಪೋಲಿ ಯುಗ ಶುರುವಾಯಿತು, ಬ್ರೆಜಿಲ್ ಬಂಡವಾಳ ಬಯಲಾಯಿತು ಎಂದು ಅಂದು ಎಷ್ಟೋ ಜನ ಬರೆದರು. ನಾಲ್ಕು ತಿಂಗಳಲ್ಲಿ ಆದದ್ದು ತದ್ವಿರುದ್ಧ. ಬ್ರೆಜಿಲ್ 41 ಅಂಕಗಳೊಂದಿಗೆ ದಕ್ಷಿಣ ಅಮೆರಿಕದ ಅರ್ಹತಾ ಪಟ್ಟಿಯ ತುದಿಯಲ್ಲಿ ನಿಂತಿತು. ಅರ್ಜೆಂಟೀನಾ ಕೊನೆಯ ದಿನ, ಅಕ್ಟೋಬರ್ 10ರಂದು, ಕೀಟೊದ ಎತ್ತರದಲ್ಲಿ ಮೆಸ್ಸಿಯ ಹ್ಯಾಟ್ರಿಕ್ ಬಲದಿಂದ ಈಕ್ವೆಡಾರನ್ನು 3–1ರಿಂದ ಸೋಲಿಸಿ ಹೇಗೋ ವಿಶ್ವಕಪ್‌ಗೆ ಸೇರಿಕೊಂಡಿತು.

ಹಾಗಾದರೆ ಸೌಹಾರ್ದ ಪಂದ್ಯದಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಅದಕ್ಕೆ 2018ರ ಅಕ್ಟೋಬರ್ 16ರಂದು ಸೌದಿಯ ಜೆಡ್ಡಾದಲ್ಲಿ ನಡೆದ ಪಂದ್ಯ ನೋಡಬೇಕು. ಸ್ಕೋರು ಬ್ರೆಜಿಲ್‌ಗೆ 1–0. ನೇಮಾರ್ ಒದ್ದ ಕಾರ್ನರ್‌ಗೆ ಮಿರಾಂಡಾ 93ನೇ ನಿಮಿಷದಲ್ಲಿ ತಲೆ ಕೊಟ್ಟರು. ಅರ್ಜೆಂಟೀನಾದಲ್ಲಿ ಮೆಸ್ಸಿ ಇಲ್ಲ, ಲಯೊನೆಲ್ ಸ್ಕಲೋನಿ ಇನ್ನೂ ಹಂಗಾಮಿ ತರಬೇತುದಾರ. ಸ್ಕೋರು ಮರೆತು ಪಟ್ಟಿ ನೋಡಿ. ಅಂದು ಆರಂಭದಿಂದ ಆಡಿದ ಒಟಮೆಂಡಿ, ಪರೇಡೆಸ್, ಲೊ ಸೆಲ್ಸೊ ಈ ಮೂವರೂ 2021ರ ಜುಲೈ 10ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲನ್ನೇ 1–0ಯಿಂದ ಸೋಲಿಸಿ ಕೋಪಾ ಅಮೆರಿಕ ಗೆದ್ದ ಹನ್ನೊಂದರಲ್ಲಿದ್ದರು. ಮರುವರ್ಷ ಡಿಸೆಂಬರ್‌ನಲ್ಲಿ ಅದೇ ಸ್ಕಲೋನಿಯ ತಂಡ ವಿಶ್ವಕಪ್ ಎತ್ತಿತು. ಮಧ್ಯಮೈದಾನದ ಬೆನ್ನೆಲುಬು ಯಾರಾಗಬಹುದು ಎಂಬ ಸುಳಿವು ಜೆಡ್ಡಾದ ಸೋಲಿನಲ್ಲೇ ಇತ್ತು. 93 ನಿಮಿಷ ಬ್ರೆಜಿಲನ್ನು ತಡೆದು ನಿಲ್ಲಿಸಿದವರ ಹೆಸರು ಯಾರೂ ಬರೆದುಕೊಳ್ಳಲಿಲ್ಲ. ಎಲ್ಲರೂ ಬರೆದದ್ದು ಆ ಒಂದು ಗೋಲು.

ಮನೆಯ ಪಂದ್ಯ ಪರಊರಿನಲ್ಲಿ

ಈವರೆಗೆ ಹೆಸರಿಸಿದ ಊರುಗಳನ್ನು ಒಮ್ಮೆ ಸಾಲಾಗಿ ಓದಿ: ನ್ಯೂಜೆರ್ಸಿ, ಮೆಲ್ಬರ್ನ್, ಜೆಡ್ಡಾ, ರಿಯಾದ್. ಇದಕ್ಕೆ 2006ರ ಲಂಡನ್, 2010ರ ದೋಹಾ, 2014ರ ಬೀಜಿಂಗ್ ಸೇರಿಸಿ. ಬ್ರೆಜಿಲ್ ಮತ್ತು ಅರ್ಜೆಂಟೀನಾ ಯೂರೋಪಿನ ಕ್ಲಬ್‌ಗಳಲ್ಲಿ ಆಡುವವರನ್ನೂ ಇಳಿಸಿದ ಈಚಿನ ಸೌಹಾರ್ದ ಪಂದ್ಯಗಳು ತಮ್ಮ ನೆಲದಿಂದ ಸಾವಿರಾರು ಕಿಲೋಮೀಟರ್ ದೂರ ನಡೆದಿವೆ. ಮೆಲ್ಬರ್ನ್‌ನಲ್ಲಿ ರಾತ್ರಿ ಎಂಟಾದಾಗ ಬ್ಯೂನಸ್ ಐರಿಸ್‌ನಲ್ಲಿ ಬೆಳಿಗ್ಗೆ ಏಳು. ಬೀಜಿಂಗ್‌ನ ರಾತ್ರಿ ಎಂಟು ಅಲ್ಲಿನ ಬೆಳಿಗ್ಗೆ ಒಂಬತ್ತು. ನಮ್ಮಲ್ಲಿ ಅವು ಮಧ್ಯಾಹ್ನ ಮೂರೂವರೆ, ಸಂಜೆ ಐದೂವರೆ. ಬ್ಯೂನಸ್ ಐರಿಸ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಆಡಿದರೆ ಬೆಂಗಳೂರಿನಲ್ಲಿ ಬೆಳಗಿನ ಐದೂವರೆ. ಏಷ್ಯಾದ ಅಭಿಮಾನಿಗೆ ಈ ಏರ್ಪಾಡು ಅನುಕೂಲ, ನಿಜ. ಆದರೆ ಬೆಲೆ ತೆರುವವನು ಈ ಪೈಪೋಟಿಯನ್ನು ನೂರು ವರ್ಷ ಸಾಕಿ ಬೆಳೆಸಿದ ರೊಸಾರಿಯೊದ, ರಿಯೊದ ಅಭಿಮಾನಿ.

ಕಾರಣ ಹಣ. ಪಂದ್ಯದ ಹಕ್ಕನ್ನು ಮಂಡಳಿ ಒಂದು ಮಾರುಕಟ್ಟೆ ಕಂಪನಿಗೆ ಕೊಡುತ್ತದೆ. ಕಂಪನಿ ಕ್ರೀಡಾಂಗಣ, ಟಿಕೆಟ್, ಪ್ರಸಾರ, ಪ್ರಾಯೋಜಕರನ್ನು ಹೊಂದಿಸಿ ಮಂಡಳಿಗೆ ಪಂದ್ಯಕ್ಕಿಷ್ಟು ಎಂದು ಕಟ್ಟುತ್ತದೆ. ಇಂಥ ಒಪ್ಪಂದಗಳಲ್ಲಿ ತಾರಾ ಆಟಗಾರರು ಬರಲೇಬೇಕೆಂಬ ಷರತ್ತು ಇರುವುದುಂಟು. ಬ್ರೆಜಿಲ್ ಮಂಡಳಿಯ ಒಪ್ಪಂದದಲ್ಲಿ ಅಂಥ ಷರತ್ತಿದೆಯೆಂದು 2015ರಲ್ಲಿ ಅಲ್ಲಿನ ‘ಎಸ್ತಾದೊ ದೆ ಸಾವೊ ಪಾಲೊ’ ಪತ್ರಿಕೆ ದಾಖಲೆ ಸಮೇತ ವರದಿ ಮಾಡಿತು. ತಂಡದ ಆಯ್ಕೆಯಲ್ಲಿ ಹೊರಗಿನವರ ಕೈಯಿಲ್ಲ ಎಂದು ಮಂಡಳಿ ಅಲ್ಲಗಳೆಯಿತು. ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಆಟಗಾರ ಸೌಹಾರ್ದ ಪಂದ್ಯದ ಪಟ್ಟಿಯಲ್ಲಿ ಕಂಡಾಗ, ಅಥವಾ ತಾರೆಯೊಬ್ಬ 60 ನಿಮಿಷ ಸುಮ್ಮನೆ ನಡೆದಾಡಿ ಹೊರಬಂದಾಗ ಅಭಿಮಾನಿ ‘ಇವನನ್ನು ಇಳಿಸಿದ್ದು ತರಬೇತುದಾರನೋ, ಒಪ್ಪಂದವೋ’ ಎಂದು ಕೇಳುವುದು ತಪ್ಪಲ್ಲ. ಮಂಡಳಿಗಳು ಈ ಷರತ್ತುಗಳನ್ನು ಬಹಿರಂಗ ಮಾಡಬೇಕು. ದೇಶದ ಅಂಗಿ ತೊಟ್ಟು ಆಡುವ ಪಂದ್ಯದಲ್ಲಿ ಗುಟ್ಟಿನ ಷರತ್ತಿಗೆ ಜಾಗವಿರಬಾರದು.

ಮಾರುಕಟ್ಟೆ ಕಟ್ಟಿದ್ದು ಕೆಲವೊಮ್ಮೆ ಕುಸಿಯುತ್ತದೆ. 2022ರ ಜೂನ್ 11ಕ್ಕೆ ಮೆಲ್ಬರ್ನ್‌ನಲ್ಲಿ ಮತ್ತೊಂದು ಪಂದ್ಯ ಗೊತ್ತಾಗಿ ಟಿಕೆಟ್ ಮಾರಾಟ ಶುರುವಾದ ಮೇಲೆ ಅರ್ಜೆಂಟೀನಾ ಹಿಂದೆ ಸರಿಯಿತು. ಆಗ ಎರಡು ತಂಡಗಳ ನಡುವೆ ಬಾಕಿ ಉಳಿದ ಇನ್ನೊಂದು ಪಂದ್ಯವಿತ್ತು. 2021ರ ಸೆಪ್ಟೆಂಬರ್ 5ರಂದು ಸಾವೊ ಪಾಲೊದಲ್ಲಿ ಕೋವಿಡ್ ಕ್ವಾರಂಟೈನ್ ಉಲ್ಲಂಘನೆಯೆಂದು ಆರೋಗ್ಯ ಅಧಿಕಾರಿಗಳು ಮೈದಾನಕ್ಕೇ ನುಗ್ಗಿ ನಿಲ್ಲಿಸಿದ ಅರ್ಹತಾ ಪಂದ್ಯ. ಅದನ್ನು ಆಡುವುದೇ ಬೇಡವೆಂದು 2022ರ ಆಗಸ್ಟ್‌ನಲ್ಲಿ ಇತ್ಯರ್ಥವಾಯಿತು. 18 ಪಂದ್ಯಗಳ ದಕ್ಷಿಣ ಅಮೆರಿಕ ಅರ್ಹತಾ ಸುತ್ತು ವಿಂಡೋಗೆ ಎರಡರಂತೆ ಒಂಬತ್ತು ವಿಂಡೋ ತಿನ್ನುತ್ತದೆ. ಯೂರೋಪಿನಲ್ಲಿ 2018ರಿಂದ ರಾಷ್ಟ್ರೀಯ ತಂಡಗಳ ‘ನೇಷನ್ಸ್ ಲೀಗ್’ ಟೂರ್ನಿ ಇನ್ನಷ್ಟು ತಿನ್ನುತ್ತಿದೆ. ದೊಡ್ಡ ಎದುರಾಳಿಗಳ ಸೌಹಾರ್ದ ಪಂದ್ಯ ಅಪರೂಪವಾಗುತ್ತಿರುವುದು ಇದಕ್ಕೆ, ಅಪರೂಪವಾದಷ್ಟೂ ಬೆಲೆ ಏರುತ್ತಿರುವುದೂ ಇದಕ್ಕೇ.

ಕಾವಲು ಸಡಿಲವಾದಲ್ಲಿ

‘ಫ್ರೆಂಡ್ಲಿ ತಾನೇ’ ಎಂಬ ಮಾತು ನಿಜಕ್ಕೂ ಅಪಾಯಕಾರಿಯಾಗುವುದು ಪೊಲೀಸರು ಮತ್ತು ಸಂಘಟಕರು ಅದನ್ನು ನಂಬಿದಾಗ. 1995ರ ಫೆಬ್ರುವರಿ 15ರಂದು ಡಬ್ಲಿನ್‌ನ ಲ್ಯಾನ್ಸ್‌ಡೌನ್ ರೋಡ್‌ನಲ್ಲಿ ಐರ್ಲೆಂಡ್ ಮತ್ತು ಇಂಗ್ಲೆಂಡ್ ಎದುರಾದವು. 22ನೇ ನಿಮಿಷದಲ್ಲಿ ಡೇವಿಡ್ ಕೆಲ್ಲಿ ಐರ್ಲೆಂಡ್ ಪರ ಗೋಲು ಹೊಡೆದರು. ಸ್ವಲ್ಪದರಲ್ಲೇ ಮೇಲಂತಸ್ತಿನಲ್ಲಿದ್ದ ಇಂಗ್ಲೆಂಡ್ ಕಡೆಯ ಪುಂಡರು ಆಸನಗಳನ್ನು ಕಿತ್ತು ಕೆಳಗೆ ಕೂತವರ ಮೇಲೆ ಎಸೆಯತೊಡಗಿದರು. 27ನೇ ನಿಮಿಷಕ್ಕೆ ಪಂದ್ಯ ಕೈಬಿಡಲಾಯಿತು. ತೊಂದರೆ ಕೊಡುವವರು ಬರುತ್ತಿದ್ದಾರೆಂದು ಬ್ರಿಟನ್‌ನ ಗುಪ್ತಚರ ಘಟಕ ಮೊದಲೇ ಎಚ್ಚರಿಸಿತ್ತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಥಾಮಸ್ ಫಿನ್ಲೆ ತನಿಖೆ ನಡೆಸಿದರು. ಎದುರಾಳಿಗಳ ಗುಂಪನ್ನು ಆತಿಥೇಯರ ತಲೆಯ ಮೇಲಿನ ಅಂತಸ್ತಿನಲ್ಲಿ ಕೂರಿಸಿದ್ದು ಸಾಮಾನ್ಯ ಬುದ್ಧಿಗೂ ಹೊಳೆಯಬೇಕಾದ ತಪ್ಪು. ಮೇಲಿನಿಂದ ಬೀಳುವುದಕ್ಕೆ ಯಾವ ಬೇಲಿಯೂ ಅಡ್ಡ ಬರದು. ಇಂಗ್ಲೆಂಡ್ ಮತ್ತೆ ಡಬ್ಲಿನ್‌ಗೆ ಬಂದದ್ದು ಇಪ್ಪತ್ತು ವರ್ಷಗಳ ಬಳಿಕ, 2015ರ ಜೂನ್ 7ರಂದು. ಆಟ ಶುರುವಾದದ್ದು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ. ಕುಡಿಯುವುದಕ್ಕೆ ಇಡೀ ದಿನ ಸಿಗಬಾರದೆಂಬ ಲೆಕ್ಕಾಚಾರ ಇಂಥ ವೇಳೆಯ ಹಿಂದೆ ಇರುತ್ತದೆ. 0–0, ಗಲಭೆಯಿಲ್ಲ.

ಪ್ಯಾರಿಸ್‌ನಲ್ಲಿ 2001ರ ಅಕ್ಟೋಬರ್ 6ರಂದು ಫ್ರಾನ್ಸ್ ಮತ್ತು ಅಲ್ಜೀರಿಯಾದ ಪಂದ್ಯ 4–1ರಲ್ಲಿದ್ದಾಗ, 76ನೇ ನಿಮಿಷದಲ್ಲಿ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ಆಟ ನಿಂತಿತು. ಹಳೆಯ ವಸಾಹತಿನ ಗಾಯಕ್ಕೆ ಸೌಹಾರ್ದ ಪಂದ್ಯವೊಂದು ಮುಲಾಮಾಗಲಿ ಎಂಬ ಆಸೆ ಒಳ್ಳೆಯದೇ, ಆದರೆ ಆ ಆಸೆ ಮೈದಾನದ ಅಂಚನ್ನು ಕಾಯುವುದಿಲ್ಲ. ದಿನಾಂಕದ ಆಯ್ಕೆಯೂ ಮುಖ್ಯ. 1994ರ ಏಪ್ರಿಲ್ 20ಕ್ಕೆ ಜರ್ಮನಿ ಮತ್ತು ಇಂಗ್ಲೆಂಡ್ ಪಂದ್ಯ ಇಟ್ಟುಕೊಂಡಾಗ ಅದು ಹಿಟ್ಲರನ ಹುಟ್ಟುಹಬ್ಬವೆಂಬುದು ತಡವಾಗಿ ಚರ್ಚೆಗೆ ಬಂತು. ಹ್ಯಾಂಬರ್ಗ್ ಕೈಬಿಟ್ಟಿತು, ಬರ್ಲಿನ್‌ಗೆ ಒಯ್ದರು, ಕೊನೆಗೆ ಇಂಗ್ಲೆಂಡ್ ಮಂಡಳಿಯೇ ರದ್ದು ಮಾಡಿತು.

ಪ್ರತ್ಯೇಕ ಪ್ರವೇಶದ್ವಾರ, ಎರಡು ಗುಂಪಿನ ನಡುವೆ ಖಾಲಿ ಬಿಟ್ಟ ಆಸನಗಳ ಪಟ್ಟಿ, ಎದುರಾಳಿಗಳ ಟಿಕೆಟನ್ನು ಅವರ ಮಂಡಳಿಯ ಮೂಲಕ ಮಾತ್ರ ಮಾರುವುದು, ಆಟ ಮುಗಿದ ಮೇಲೆ ಒಂದು ಕಡೆಯವರನ್ನು ಸ್ವಲ್ಪ ಹೊತ್ತು ಒಳಗೇ ಉಳಿಸಿಕೊಂಡು ಇನ್ನೊಂದು ಕಡೆಯವರನ್ನು ಮೊದಲು ಬಿಡುವುದು. ಇಷ್ಟೂ ಹಳೆಯ, ಪಳಗಿದ ಕ್ರಮಗಳು. ಬಿಟ್ಟರೆ ಏನಾಗುತ್ತದೆಂದು 2023ರ ನವೆಂಬರ್ 21ರಂದು ಮರಕಾನಾ ತೋರಿಸಿತು. ಅದು ಅರ್ಹತಾ ಪಂದ್ಯ. ಗೋಲುಕಂಬದ ಹಿಂದಿನ ಆಸನಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾ ಅಭಿಮಾನಿಗಳು ಬೆರೆತು ಕೂತಿದ್ದರು. ರಾಷ್ಟ್ರಗೀತೆಯ ಹೊತ್ತಿಗೇ ಹೊಡೆದಾಟ, ಪೊಲೀಸರ ಲಾಠಿ. ಮೆಸ್ಸಿ ತಂಡವನ್ನು ಒಳಗೆ ಕರೆದೊಯ್ದರು, ಆಟ ಸುಮಾರು ಅರ್ಧ ಗಂಟೆ ತಡವಾಯಿತು. ಒಟಮೆಂಡಿಯ ಗೋಲಿನಿಂದ ಅರ್ಜೆಂಟೀನಾ ಗೆದ್ದದ್ದು ಆಮೇಲಿನ ಮಾತು. ಟಿಕೆಟ್ ಮಾರುವ ಹಂತದಲ್ಲಿ ಮಾಡಿದ ತಪ್ಪನ್ನು ಲಾಠಿ ಹಿಡಿದು ಸರಿಪಡಿಸಲು ಹೋದರೆ ಆಗುವುದು ಇದೇ.

ಕ್ವೆಟ್ಟಾ ಮತ್ತು ಬೆಂಗಳೂರು

ನಮ್ಮ ಉಪಖಂಡದ ಎದುರಾಳಿಗಳಿಗೂ ಇದೇ ಅಳತೆಗೋಲು. 2014ರ ಆಗಸ್ಟ್ 17 ಮತ್ತು 20ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಭಾರತ ಮತ್ತು ಪಾಕಿಸ್ತಾನ ಎರಡು ಸೌಹಾರ್ದ ಪಂದ್ಯ ಆಡಿದವು. ಇಂಚಾನ್ ಏಷ್ಯನ್ ಕ್ರೀಡಾಕೂಟಕ್ಕೆ ತಯಾರಾಗುತ್ತಿದ್ದ 23 ವರ್ಷದೊಳಗಿನವರ ತಂಡಗಳವು. ಮೊದಲನೆಯದನ್ನು ಭಾರತ 1–0ಯಿಂದ ಗೆದ್ದಿತು, ಎರಡನೆಯದನ್ನು ಪಾಕಿಸ್ತಾನ 2–0ಯಿಂದ. ಹಿರಿಯರ ‘ಎ’ ಪಂದ್ಯಗಳಲ್ಲದ ಕಾರಣ ರ‍್ಯಾಂಕಿಂಗ್‌ಗೂ ಇಲ್ಲ, ಆಟಗಾರರ ಅಂತರರಾಷ್ಟ್ರೀಯ ಗೋಲುಗಳ ಪಟ್ಟಿಗೂ ಇಲ್ಲ.

ಅದಕ್ಕೆ ಒಂಬತ್ತು ವರ್ಷ ಮುಂಚೆ, 2005ರ ಜೂನ್‌ನಲ್ಲಿ, ಭಾರತದ ಹಿರಿಯರ ತಂಡ ಮೂರು ಸೌಹಾರ್ದ ಪಂದ್ಯಗಳಿಗೆ ಪಾಕಿಸ್ತಾನಕ್ಕೆ ಹೋಗಿತ್ತು. ಕ್ವೆಟ್ಟಾದಲ್ಲಿ 1–1, ಪೇಶಾವರದಲ್ಲಿ ಭಾರತ 1–0, ಲಾಹೋರಿನಲ್ಲಿ ಪಾಕಿಸ್ತಾನ 3–0. ಜೂನ್ 12ರ ಕ್ವೆಟ್ಟಾ ಪಂದ್ಯದಲ್ಲಿ ಭಾರತದ ಗೋಲು ಹೊಡೆದವನು ಅಂದೇ ಮೊದಲ ಬಾರಿಗೆ ಹಿರಿಯರ ತಂಡಕ್ಕೆ ಆಡಿದ್ದ 20 ವರ್ಷದ ಹುಡುಗ. ಮುಂದೆ ಬೆಂಗಳೂರು ಎಫ್‌ಸಿಯ ನಾಯಕನಾಗಿ ಕಂಠೀರವದ ಮನೆಮಗನಾದ ಸುನಿಲ್ ಛೆಟ್ರಿಯ ತೊಂಬತ್ತಕ್ಕೂ ಹೆಚ್ಚು ಅಂತರರಾಷ್ಟ್ರೀಯ ಗೋಲುಗಳ ಪಟ್ಟಿ ತೆರೆದರೆ ಮೊದಲ ಸಾಲಿನಲ್ಲಿರುವುದು ಆ ಗೋಲು. ಎದುರಾಳಿ ಪಾಕಿಸ್ತಾನ, ಸ್ಥಳ ಕ್ವೆಟ್ಟಾ, ಪಂದ್ಯದ ಬಗೆ ಎಂಬ ಅಂಕಣದಲ್ಲಿ ‘ಸೌಹಾರ್ದ’.